ಕೆನ್ನೆಗೆ ಸೈ, ಹಣೆಗೆ ಬೇಡ: ಸೆರಾವೆ ಮಾಯಿಶ್ಚರೈಸಿಂಗ್ ಕ್ರೀಮ್

ನನ್ನದು ಕಾಂಬಿನೇಷನ್ ಚರ್ಮ. ಹಣೆ, ಮೂಗು, ಗದ್ದ ಮಧ್ಯಾಹ್ನದ ಹೊತ್ತಿಗೆಲ್ಲ ಜಿಡ್ಡು. ಕೆನ್ನೆ ಮಾತ್ರ ಮುಖ ತೊಳೆದ ಕೂಡಲೇ ಬಿಗಿಯುತ್ತದೆ, ನಕ್ಕರೆ ಎಳೆದ ಹಾಗಾಗುತ್ತದೆ. ಅಂಥ ಮುಖದವಳ ಅಭಿಪ್ರಾಯ ಇದು.

ನನ್ನ ಕೆನ್ನೆಗೆ ಇದರಷ್ಟು ಒಗ್ಗಿದ ಕ್ರೀಮ್ ಇನ್ನೊಂದಿಲ್ಲ. ಟವೆಲ್‌ನಿಂದ ಮುಖವನ್ನು ಮೆಲ್ಲಗೆ ಒತ್ತಿ, ತೇವ ಆರುವ ಮೊದಲೇ ಹಚ್ಚಿಕೊಳ್ಳುತ್ತೇನೆ. ಬಾಯಿಯ ಪಕ್ಕ ಏಳುತ್ತಿದ್ದ ಸಿಪ್ಪೆ ಈಗಿಲ್ಲ. ಸುಗಂಧ ಸೇರಿಸಿಲ್ಲ ಅನ್ನುವುದು ನನಗಂತೂ ದೊಡ್ಡ ಸಮಾಧಾನ, ಘಮಘಮ ಅನ್ನುವ ಕ್ರೀಮ್ ಹಚ್ಚಿದರೆ ನನ್ನ ಕೆನ್ನೆ ಉರಿಯುತ್ತದೆ.

ಚರ್ಮದ ಹೊರಪದರದ ಕೋಶಗಳ ನಡುವೆ ಇಟ್ಟಿಗೆಗಳ ಮಧ್ಯದ ಗಾರೆಯಂತೆ ಕೊಬ್ಬಿನಂಶ ಇರುತ್ತದೆ. ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸೆರಮೈಡ್ ಎಂಬ ಬಗೆಯ ಕೊಬ್ಬು. ಅದು ಕಡಿಮೆಯಾದರೆ ಚರ್ಮದೊಳಗಿನ ನೀರು ಆರಿಹೋಗುತ್ತದೆ. ಈ ಕ್ರೀಮ್‌ನಲ್ಲಿ 3 ಬಗೆಯ ಸೆರಮೈಡ್ ಇದೆ, ಜೊತೆಗೆ ಕೊಲೆಸ್ಟರಾಲ್. ನೀರು ಹಿಡಿದಿಡಲು ಗ್ಲಿಸರಿನ್ ಮತ್ತು ಹೈಯಲುರಾನಿಕ್ ಆಸಿಡ್, ಅದು ಆರದಂತೆ ಮೇಲೊಂದು ಪೆಟ್ರೊಲೇಟಂ (ಪೆಟ್ರೋಲಿಯಂ ಜೆಲ್ಲಿ) ಪದರ.

ಹಣೆಗೆ ನಾನು ಇದನ್ನು ಹಚ್ಚುವುದಿಲ್ಲ. ಅಲ್ಲಿ ಎಣ್ಣೆ ತಾನೇ ಬೇಕಾದಷ್ಟು ಒಸರುತ್ತದೆ, ತೆಳ್ಳಗಿನ ಜೆಲ್ ಸಾಕು. ಮುಖವಿಡೀ ಜಿಡ್ಡಾಗುವವರಿಗೂ ಜೆಲ್ ಅಥವಾ ಲೋಷನ್ನೇ ಮೇಲು. ನಿಮ್ಮದು ಯಾವ ಬಗೆ ಎಂದು ತಿಳಿಯದಿದ್ದರೆ ಮುಖ ತೊಳೆದು, ಏನನ್ನೂ ಹಚ್ಚದೆ ಅರ್ಧ ಗಂಟೆ ಬಿಡಿ. ಆಮೇಲೆ ಹಣೆ, ಮೂಗು, ಕೆನ್ನೆಗೆ ಬೇರೆ ಬೇರೆ ಟಿಶ್ಯೂ ಒತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲಿ ಎಣ್ಣೆಯ ಕಲೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ.

ಜಿಡ್ಡೂ ಇದೆ, ಬಿಗಿತವೂ ಇದೆ ಎನ್ನುವವರು ಮೊದಲು ಫೇಸ್‌ವಾಶ್ ಮೇಲೆ ಅನುಮಾನ ಪಡಿ. ಎಣ್ಣೆ ಇದ್ದೂ ಚರ್ಮದಲ್ಲಿ ನೀರು ಕಡಿಮೆಯಾಗಬಹುದು. ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) 5ರ ಆಸುಪಾಸು, ಸಾಮಾನ್ಯ ಸೋಪಿನದು 9ರಿಂದ 10. ಅಷ್ಟು ಕ್ಷಾರ ತಗುಲಿದರೆ ಚರ್ಮ ಒಣಗಿ ಬಿಗಿಯಬಹುದು. ಬುರುಬುರು ನೊರೆ ಬರುವ ಫೇಸ್‌ವಾಶ್ ಒಂದನ್ನು ಬಿಟ್ಟು ಸೌಮ್ಯವಾದುದಕ್ಕೆ ಬಂದಾಗಲೇ ನನ್ನ ಬಿಗಿತ ಎಷ್ಟೋ ಇಳಿದಿತ್ತು, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಈ ಕ್ರೀಮಿಗೇ ಕೊಡಲಾರೆ. ಮೊಡವೆಗೆ ಇದು ಮದ್ದಲ್ಲ. ಕೆಂಪು, ತುರಿಕೆ ಹೋಗದಿದ್ದರೆ ಚರ್ಮದ ಡಾಕ್ಟರಿಗೇ ತೋರಿಸಿ.

ಕೊಳ್ಳುವುದಾದರೆ ಮೊದಲು ಚಿಕ್ಕ ಡಬ್ಬಿ ತನ್ನಿ. ಕೆಲವು ದಿನ ದವಡೆಯ ಅಂಚಿಗಷ್ಟೇ ಹಚ್ಚಿ ನೋಡಿ. ಮುಖಕ್ಕೆ ಒಗ್ಗದಿದ್ದರೂ ಮೊಣಕೈಗೆ, ಒಡೆದ ಹಿಮ್ಮಡಿಗೆ ಆರಾಮಾಗಿ ಬಳಸಬಹುದು.