ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸಿಗ್ನಲ್ ಪ್ರಾಸೆಸಿಂಗ್ ಕಲಿಯಬೇಕು ಅಂತ ಆಸೆ ಇರುವವರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಸುಮ್ನೆ ರೇಡಿಯೋ ಕೇಳಬೇಕು, ತಲೆಬಿಸಿ ಬೇಡ ಅನ್ನುವವರಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಬಾಕ್ಸ್ ತೆರೆದ ದಿನದ ಖುಷಿಯಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಹಲವು ವರ್ಷ ಬಿಡದೆ ಬಳಸಿದ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎಸ್‌ಡಿಆರ್ ಅಂದರೆ ಹೆಚ್ಚಿನ ಕೆಲಸ ಸಾಫ್ಟ್‌ವೇರಿನಲ್ಲೇ ನಡೆಯುವ ರೇಡಿಯೋ. ಇದು ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್. ಮೂಲತಃ ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲು ಮಾಡಿದ್ದು. ಒಳಗೆ ಎರಡು ಮುಖ್ಯ ಚಿಪ್‌ಗಳಿವೆ. ಒಂದು ಬೇಕಾದ ಆವರ್ತನ ಆರಿಸುವ ಟ್ಯೂನರ್, ಹೆಚ್ಚಿನವುಗಳಲ್ಲಿ ಆರ್820ಟಿ2. ಇದು ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಟ್ಯೂನ್ ಆಗುತ್ತದೆ. ಇನ್ನೊಂದು ಸಿಗ್ನಲನ್ನು ಸಂಖ್ಯೆಗಳಾಗಿ ಬದಲಿಸುವ ರಿಯಲ್‌ಟೆಕ್‌ನ ಆರ್‌ಟಿಎಲ್2832ಯು. 2012ರಲ್ಲಿ ಆಂಟಿ ಪಾಲೊಸಾರಿ ಎಂಬ ಲಿನಕ್ಸ್ ಡೆವಲಪರ್ ಒಂದು ಸಂಗತಿ ಗಮನಿಸಿದರು. ಎಫ್‌ಎಂ ಕೇಳಿಸುವಾಗ ಈ ಚಿಪ್ ತಾನು ಡಿಕೋಡ್ ಮಾಡುವುದಿಲ್ಲ, ಕಚ್ಚಾ ಸ್ಯಾಂಪಲ್‌ಗಳನ್ನೇ (ಸಿಗ್ನಲ್‌ನ ಕ್ಷಣಕ್ಷಣದ ಅಳತೆಗಳನ್ನು) ಕಂಪ್ಯೂಟರಿಗೆ ಕಳಿಸುತ್ತದೆ. ಆಸ್ಮೋಕಾಮ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಅದಕ್ಕೆ ಡ್ರೈವರ್ ಬರೆದರು. ಟಿವಿ ಡಾಂಗಲ್ ಅಂದಿನಿಂದ ರೇಡಿಯೋ ಪ್ರಯೋಗಶಾಲೆಯಾಯಿತು. ಕಚ್ಚಾ ಸ್ಯಾಂಪಲ್ ಕೈಗೆ ಸಿಕ್ಕಿತು ಅಂದರೆ ಫಿಲ್ಟರ್, ಡಿಮಾಡ್ಯುಲೇಟರ್ (ರೇಡಿಯೋ ಅಲೆಯಿಂದ ಧ್ವನಿ ಅಥವಾ ದತ್ತಾಂಶ ಬಿಡಿಸುವ ಭಾಗ), ಡಿಕೋಡರ್ ಎಲ್ಲವೂ ಸಾಫ್ಟ್‌ವೇರ್ ಆಗುತ್ತದೆ. ಬೇಕಾದ ಹಾಗೆ ಬಿಚ್ಚಿ ನೋಡಬಹುದು.

ಇದರ ದೊಡ್ಡ ಮಿತಿ 8 ಬಿಟ್. ಒಂದೊಂದು ಸ್ಯಾಂಪಲ್‌ಗೂ 256 ಮಟ್ಟಗಳು ಮಾತ್ರ. ಲೆಕ್ಕ ಹಾಕಿದರೆ ಅತಿ ಜೋರಿನ ಸಿಗ್ನಲ್‌ಗೂ ಕ್ವಾಂಟೈಸೇಷನ್ ಗದ್ದಲಕ್ಕೂ (ಅಳತೆಯನ್ನು ಹತ್ತಿರದ ಮಟ್ಟಕ್ಕೆ ಕೂರಿಸುವಾಗ ಆಗುವ ತಪ್ಪು) ನಡುವೆ ಸುಮಾರು 50 ಡಿಬಿ (ಡೆಸಿಬೆಲ್, ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು) ಅಂತರ ಸಿಗುತ್ತದೆ. 12 ಬಿಟ್ ಆದರೆ ಅದು 74 ಡಿಬಿ. ಕಾಗದದ ಮೇಲೆ ನೋಡಿದರೆ ಈ ಡಾಂಗಲ್ ಆಟಿಕೆ ಅನ್ನಿಸುತ್ತದೆ. ಆದರೂ ಇಷ್ಟು ಚೆನ್ನಾಗಿ ಕೇಳಿಸುತ್ತದಲ್ಲ, ಹೇಗೆ? ಉತ್ತರ ಡೆಸಿಮೇಷನ್‌ನಲ್ಲಿದೆ. ಡಾಂಗಲ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಕೊಡುತ್ತದೆ ಅಂದುಕೊಳ್ಳಿ. ನಮಗೆ ಬೇಕಾದ ಧ್ವನಿಯ ಚಾನಲ್ 12 ಕಿಲೋಹರ್ಟ್ಸ್ ಅಗಲ ಮಾತ್ರ. ಫಿಲ್ಟರ್ ಹಾಕಿ ಅಷ್ಟನ್ನೇ ಉಳಿಸಿಕೊಂಡು ಸ್ಯಾಂಪಲ್ ದರವನ್ನು 200 ಪಟ್ಟು ಇಳಿಸಿದರೆ, ಇಡೀ ಅಗಲಕ್ಕೆ ಹರಡಿದ್ದ ಗದ್ದಲದಲ್ಲಿ 200ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಂದರೆ 23 ಡಿಬಿ ಲಾಭ, ಹೆಚ್ಚುಕಡಿಮೆ ನಾಲ್ಕು ಬಿಟ್ ಜಾಸ್ತಿ ಸಿಕ್ಕ ಹಾಗೆ. ದರವನ್ನು ನಾಲ್ಕು ಪಟ್ಟು ಇಳಿಸಿದಾಗಲೆಲ್ಲ ಒಂದು ಬಿಟ್ ಸಿಗುತ್ತದೆ. ಇದಕ್ಕೊಂದು ಷರತ್ತಿದೆ. ಒಳಬರುವ ಸಿಗ್ನಲ್ ಜೊತೆ ಸ್ವಲ್ಪ ಗದ್ದಲ ಇರಲೇಬೇಕು. ಆ ಗದ್ದಲ ಸ್ಯಾಂಪಲ್‌ಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಅಲುಗಾಡಿಸುತ್ತದೆ. ಹಾಗಾಗಿಯೇ ಒಂದು ಮಟ್ಟಕ್ಕಿಂತ ಚಿಕ್ಕದಾದ ಸಿಗ್ನಲ್ ಕೂಡ ಸರಾಸರಿಯಲ್ಲಿ ಹೊರಗೆ ಬರುತ್ತದೆ. ಗದ್ದಲವೇ ಸಹಾಯಕ್ಕೆ ಬರುವ ಈ ವಿಷಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಇಲ್ಲಿಂದ ಮುಂದಿನ ಮಾತು ಗೇನ್ ಬಗ್ಗೆ, ಅಂದರೆ ಸಿಗ್ನಲನ್ನು ಎಷ್ಟು ವರ್ಧಿಸಬೇಕು ಅನ್ನುವುದರ ಬಗ್ಗೆ. ಈ ಡಾಂಗಲ್ ಕೊಂಡು ಬೇಸರಪಟ್ಟವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ ಅಂತ ನನ್ನ ನಂಬಿಕೆ. ಟ್ಯೂನರ್ ಗೇನ್ 0ಯಿಂದ 49.6 ಡಿಬಿವರೆಗೆ ಏರುತ್ತದೆ. ಪೂರ್ತಿ ಏರಿಸಿದರೆ ಜಾಸ್ತಿ ಕೇಳಿಸುತ್ತದೆ ಅನ್ನಿಸುವುದು ಸಹಜ, ಅಲ್ವಾ? ಆದರೆ ಹತ್ತಿರದಲ್ಲಿ ಒಂದು ಜೋರಾದ ಎಫ್‌ಎಂ ಕೇಂದ್ರ ಇದ್ದರೆ ಸಾಕು. ಅದೊಂದೇ 256 ಮಟ್ಟಗಳನ್ನೂ ತುಂಬಿಬಿಡುತ್ತದೆ. ನಾವು ಹುಡುಕುವ ಸಣ್ಣ ಸಿಗ್ನಲ್‌ಗೆ ಜಾಗವೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಟ್ಯೂನರ್ ಒಳಗೆ ಆಗುತ್ತದೆ. ಆಂಪ್ಲಿಫೈಯರ್ ತನ್ನ ಮಿತಿ ಮೀರಿದಾಗ ಕೇಂದ್ರಗಳು ಒಂದಕ್ಕೊಂದು ಬೆರೆತು ಇಲ್ಲದ ಕೇಂದ್ರಗಳನ್ನು ಹುಟ್ಟಿಸುತ್ತವೆ. 100 ಮತ್ತು 101 ಮೆಗಾಹರ್ಟ್ಸ್‌ನಲ್ಲಿ ಜೋರಾದ ಎರಡು ಕೇಂದ್ರ ಇದ್ದರೆ 99ರಲ್ಲೂ 102ರಲ್ಲೂ ಸುಳ್ಳು ಕೇಂದ್ರಗಳು ಏಳುತ್ತವೆ.

ಇವನ್ನು ಹಿಡಿಯಲು ನಾನು ಬಳಸುವ ದಾರಿ ಸುಲಭ. ಆಂಟೆನಾ ಮತ್ತು ಡಾಂಗಲ್ ನಡುವೆ ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ. ನಿಜವಾದ ಕೇಂದ್ರ ಪರದೆಯ ಮೇಲೆ 10 ಡಿಬಿ ಇಳಿಯುತ್ತದೆ. ಸುಳ್ಳು ಕೇಂದ್ರ ಸುಮಾರು 30 ಡಿಬಿ ಕುಸಿಯುತ್ತದೆ, ಹೆಚ್ಚಿನ ಸಲ ಕಾಣೆಯೇ ಆಗುತ್ತದೆ. ಮೂರನೇ ದರ್ಜೆಯ ಬೆರಕೆ ಅಂದರೆ ಹಾಗೆಯೇ, ಮೂಲ ಸಿಗ್ನಲ್ ಒಂದು ಡಿಬಿ ಇಳಿದರೆ ಅದು ಮೂರು ಡಿಬಿ ಇಳಿಯುತ್ತದೆ. ಗೇನ್ ಇಡುವಾಗಲೂ ಸಿಗ್ನಲ್‌ನ ಎತ್ತರವನ್ನು ನೋಡಬೇಡಿ. ಅದಕ್ಕೂ ಕೆಳಗಿನ ಗದ್ದಲಕ್ಕೂ ಇರುವ ಅಂತರವನ್ನು ನೋಡಿ. ಗೇನ್ ಏರಿಸುತ್ತಾ ಹೋಗಿ, ಅಂತರ ಹೆಚ್ಚುವುದು ನಿಂತ ತಕ್ಷಣ ಕೈ ತೆಗೆಯಿರಿ. ಸಾಫ್ಟ್‌ವೇರಿನಲ್ಲಿರುವ ಆಟೋಮ್ಯಾಟಿಕ್ ಗೇನ್ ಈ ಕೆಲಸ ಮಾಡುವುದಿಲ್ಲ. ಅದು ಒಟ್ಟು ಶಕ್ತಿಯನ್ನು ನೋಡುತ್ತದೆಯೇ ಹೊರತು ನಿಮಗೆ ಬೇಕಾದ ಚಾನಲ್ ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ.

88ರಿಂದ 108 ಮೆಗಾಹರ್ಟ್ಸ್ ತಡೆಯುವ ಬ್ಯಾಂಡ್‌ಸ್ಟಾಪ್ ಫಿಲ್ಟರ್ ಹಾಕಿದ ಮೇಲೆ ನನ್ನ ಡಾಂಗಲ್ ಬೇರೆಯದೇ ಸಾಧನ ಆಯಿತು. ಮೊದಲು ಗದ್ದಲದಲ್ಲಿ ಮುಳುಗಿದ್ದ 137 ಮೆಗಾಹರ್ಟ್ಸ್ ಸುತ್ತಲಿನ, ಹವಾಮಾನ ಉಪಗ್ರಹಗಳ ಜಾಗ ತಿಳಿಯಾಯಿತು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸ್ಯಾಂಪಲ್ ಆಗುವ ಮುಂಚೆ ಕೆಟ್ಟ ಸಿಗ್ನಲನ್ನು ಆಮೇಲೆ ಯಾವ ಗಣಿತವೂ ರಿಪೇರಿ ಮಾಡುವುದಿಲ್ಲ. ಮೇಲಿನ ದರ್ಜೆಯ ರಿಸೀವರ್ ಕೊಳ್ಳುವ ಯೋಚನೆ ಇದ್ದವರು ಮೊದಲು ಫಿಲ್ಟರ್ ಮತ್ತು ಆಂಟೆನಾಕ್ಕೆ ಖರ್ಚು ಮಾಡಿ.

ಇನ್ನು ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳು ಹೊತ್ತಿನೊಂದಿಗೆ ಕೆಳಗೆ ಹರಿಯುವ ಚಿತ್ರ. ಇದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯದು. ಪರದೆಯ ಮೇಲೆ ಕಾಣುವುದು ಎಫ್‌ಎಫ್‌ಟಿ, ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಅಂತ ಬಿಡಿಸುವ ಲೆಕ್ಕ. ಅದರ ಗಾತ್ರ ಬದಲಿಸಿದಾಗ ಗದ್ದಲದ ಗೆರೆ ಮೇಲೆ ಕೆಳಗೆ ಹೋಗುತ್ತದೆ. ಡಾಂಗಲ್ ಸುಧಾರಿಸಿತು ಅಂತ ಕೆಲವರು ಭಾವಿಸುತ್ತಾರೆ. ಹಾಗಲ್ಲ. 1,024 ಬಿಂದುಗಳಲ್ಲಿ ಒಂದೊಂದು ಕಂಬವೂ 2.3 ಕಿಲೋಹರ್ಟ್ಸ್ ಅಗಲ. 65,536 ಬಿಂದುಗಳಲ್ಲಿ ಅದು ಸುಮಾರು 37 ಹರ್ಟ್ಸ್. ಕಂಬ ಕಿರಿದಾದಷ್ಟೂ ಅದರೊಳಗೆ ಬೀಳುವ ಗದ್ದಲ ಕಡಿಮೆ. ಇಲ್ಲಿ 64 ಪಟ್ಟು, ಅಂದರೆ 18 ಡಿಬಿ. ಸಣ್ಣ ಕ್ಯಾರಿಯರ್ (ಸಂದೇಶ ಹೊರುವ ಮೂಲ ಅಲೆ) ಗೆರೆಗಳು ಇದ್ದಕ್ಕಿದ್ದಂತೆ ಎದ್ದು ಕಾಣುವುದು ಅದಕ್ಕೇ. ಆದರೆ ಇದಕ್ಕೆ ಬೆಲೆ ತೆರಬೇಕು. 65,536 ಸ್ಯಾಂಪಲ್ ಕೂಡಿಸಲು 27 ಮಿಲಿಸೆಕೆಂಡ್ ಬೇಕು. 1,090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳು ತಮ್ಮ ಸ್ಥಾನ ತಿಳಿಸಲು ಕಳಿಸುವ ಎಡಿಎಸ್-ಬಿ ಸಂದೇಶ ಒಟ್ಟು 120 ಮೈಕ್ರೋಸೆಕೆಂಡ್ ಅಷ್ಟೇ. 8 ಆರಂಭದ ಗುರುತಾದ ಪ್ರಿಯಾಂಬಲ್‌ಗೆ, 112 ದತ್ತಾಂಶಕ್ಕೆ. ಅಷ್ಟು ದೊಡ್ಡ ಎಫ್‌ಎಫ್‌ಟಿಯಲ್ಲಿ ಅದು ಕರಗಿಹೋಗುತ್ತದೆ. ಒಂದೇ ಸಿಗ್ನಲನ್ನು ಎರಡು ಗಾತ್ರಗಳಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಿಂಡೋ (ಎಫ್‌ಎಫ್‌ಟಿಗೆ ಮುನ್ನ ಸ್ಯಾಂಪಲ್‌ಗಳಿಗೆ ಕೊಡುವ ತೂಕ) ಆಯ್ಕೆಯನ್ನೂ ಒಮ್ಮೆ ಬದಲಿಸಿ ನೋಡಿ. ಚೌಕ ವಿಂಡೋದಲ್ಲಿ ಪಕ್ಕದ ಹಾಲೆಗಳು (ಸಿಗ್ನಲ್‌ನ ಅಕ್ಕಪಕ್ಕಕ್ಕೆ ಸೋರುವ ಶಕ್ತಿ) 13 ಡಿಬಿ ಮಾತ್ರ ಕೆಳಗಿರುತ್ತವೆ, ಹ್ಯಾನ್‌ನಲ್ಲಿ ಸುಮಾರು 31. ಜೋರಾದ ಕೇಂದ್ರದ ಪಕ್ಕದಲ್ಲಿ ಅಡಗಿದ ಚಿಕ್ಕದು ಕಾಣಬೇಕಾದರೆ ಬ್ಲ್ಯಾಕ್‌ಮನ್-ಹ್ಯಾರಿಸ್ ವಿಂಡೋ ಹಾಕಿ.

ಎಫ್‌ಎಂ ಡಿಮಾಡ್ಯುಲೇಟರನ್ನು ಕೈಯಾರೆ ಬರೆಯುವುದು ಈ ಡಾಂಗಲ್ ಕೊಡುವ ಅತಿ ದೊಡ್ಡ ಸುಖ. ಡಾಂಗಲ್‌ನಿಂದ ಬರುವ ಪ್ರತಿ ಸ್ಯಾಂಪಲ್ ಐ ಮತ್ತು ಕ್ಯೂ ಎಂಬ ಎರಡು ಸಂಖ್ಯೆಗಳ ಜೋಡಿ, ಒಂದು ಸಂಕೀರ್ಣ ಸಂಖ್ಯೆ. ಈಗಿನ ಸ್ಯಾಂಪಲನ್ನು ಹಿಂದಿನದರ ಕಾಂಜುಗೇಟ್‌ನಿಂದ (ಕ್ಯೂ ಚಿಹ್ನೆ ತಿರುಗಿಸಿದ ಜೋಡಿ) ಗುಣಿಸಿ ಕೋನ ತೆಗೆದರೆ ಆಯಿತು, ಹಾಡು ಹೊರಗೆ ಬರುತ್ತದೆ. ಒಂದೇ ಸಾಲಿನ ಕೋಡ್! ಡಿಮಾಡ್ಯುಲೇಟ್ ಆದದ್ದರ ಎಫ್‌ಎಫ್‌ಟಿ ತೆಗೆದು ನೋಡಿ. 19 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ಇದೆ ಎಂದು ಸೂಚಿಸುವ ಪೈಲಟ್ ಸ್ವರ ಸೂಜಿಯಂತೆ ನಿಂತಿರುತ್ತದೆ. 38ರ ಎರಡೂ ಪಕ್ಕದಲ್ಲಿ ಎಡ-ಬಲ ಧ್ವನಿಗಳ ವ್ಯತ್ಯಾಸ ಇರುತ್ತದೆ. 57ರಲ್ಲಿ ಆರ್‌ಡಿಎಸ್ (ಕೇಂದ್ರದ ಹೆಸರು ಮುಂತಾದ ದತ್ತಾಂಶ), ಸೆಕೆಂಡಿಗೆ 1,187.5 ಬಿಟ್. ಪೈಲಟ್‌ಗೆ ಪಿಎಲ್‌ಎಲ್ (ಸ್ವರವನ್ನು ಬಿಡದೆ ಹಿಂಬಾಲಿಸುವ ಲೂಪ್) ಕಟ್ಟಿ ಅದನ್ನು ದುಪ್ಪಟ್ಟು ಮಾಡಿದರೆ ಸ್ಟೀರಿಯೋ ಬಿಚ್ಚಿಕೊಳ್ಳುತ್ತದೆ. ಸಿಗ್ನಲ್ ಸೊರಗಿದಾಗ ಸ್ಟೀರಿಯೋ ಯಾಕೆ ಮೊದಲು ಕೆಡುತ್ತದೆ ಅನ್ನುವುದೂ ಇಲ್ಲೇ ಕಣ್ಣಿಗೆ ಕಾಣುತ್ತದೆ. ಎಫ್‌ಎಂನಲ್ಲಿ ಡಿಮಾಡ್ಯುಲೇಟ್ ಆದ ಗದ್ದಲ ಮೇಲಿನ ಆವರ್ತನಗಳಿಗೆ ಹೋದಂತೆ ಏರುತ್ತದೆ. 38ರ ಸುತ್ತಲಿನ ಭಾಗ ಆ ಇಳಿಜಾರಿನ ಮೇಲ್ತುದಿಯಲ್ಲಿರುತ್ತದೆ. ಧ್ವನಿ ಕಿರಿಕಿರಿ ಅನ್ನಿಸಿದರೆ ಡಿ-ಎಂಫಸಿಸ್ (ಪ್ರಸಾರದಲ್ಲಿ ಏರಿಸಿದ ಮೇಲಿನ ಸ್ವರಗಳನ್ನು ಮತ್ತೆ ಇಳಿಸುವ ಫಿಲ್ಟರ್) ನೋಡಿ. ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಜಗತ್ತಿನ ಹೆಚ್ಚಿನ ಕಡೆ 50.

ಉಪಗ್ರಹಗಳ ವಿಷಯದಲ್ಲಿ ಒಂದು ನೋವು ಇದೆ. ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಮೂರೂ 2025ರಲ್ಲಿ ಸೇವೆ ನಿಲ್ಲಿಸಿದವು. ಅವುಗಳ ಎಪಿಟಿ (ಅನಲಾಗ್ ಪ್ರಸಾರ) ಚಿತ್ರ ಸೆಕೆಂಡಿಗೆ ಎರಡು ಸಾಲಿನಂತೆ ಇಳಿಯುತ್ತಿತ್ತು. 2,400 ಹರ್ಟ್ಸ್ ಉಪಕ್ಯಾರಿಯರ್‌ನ ಏರಿಳಿತವೇ ಮೋಡಗಳ ಬಿಳುಪು. ಹೊಸಬರು ಆರಂಭಿಸಲು ಅದರಷ್ಟು ಸರಳವಾದದ್ದು ಇನ್ನೊಂದಿರಲಿಲ್ಲ. ಈಗ ನಾನು ರಷ್ಯಾದ ಮೆಟಿಯೋರ್ ಉಪಗ್ರಹಗಳ ಎಲ್‌ಆರ್‌ಪಿಟಿ ಎಂಬ ಚಿತ್ರ ಪ್ರಸಾರ ಹಿಡಿಯುತ್ತೇನೆ. ಅದು ಡಿಜಿಟಲ್, ಕಷ್ಟ ಜಾಸ್ತಿ, ಕಲಿಯುವುದೂ ಜಾಸ್ತಿ. ಉಪಗ್ರಹ ಸಮೀಪಿಸುವಾಗ 137 ಮೆಗಾಹರ್ಟ್ಸ್‌ನಲ್ಲಿ ಡಾಪ್ಲರ್‌ನಿಂದ (ಚಲನೆಯಿಂದ ಆವರ್ತನ ಬದಲಾಗುವುದು) ಸುಮಾರು 3 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ. ಕ್ಯಾರಿಯರನ್ನು ಹಿಂಬಾಲಿಸುವ ಕಾಸ್ಟಸ್ ಲೂಪ್ ಅದನ್ನು ಬೆನ್ನಟ್ಟಬೇಕು. ಲೂಪ್ ಕಚ್ಚಿಕೊಂಡ ಕ್ಷಣ, ಪರದೆಯ ಮೇಲೆ ಐ-ಕ್ಯೂ ಜೋಡಿಗಳ ಚದುರಿದ್ದ ಚುಕ್ಕೆಗಳು ನಾಲ್ಕು ಗುಂಪಾಗುತ್ತವೆ. ಆಮೇಲೆ ವಿಟರ್ಬಿ, ಅದರ ಮೇಲೆ ರೀಡ್-ಸಾಲಮನ್, ಎರಡೂ ಬಿಟ್‌ಗಳ ತಪ್ಪು ತಿದ್ದುವ ವಿಧಾನಗಳು. ಗುಂಪುಗಳು ಇನ್ನೂ ಮಸುಕಾಗಿರುವಾಗಲೇ ತಪ್ಪಿಲ್ಲದ ಚಿತ್ರ ಬರುತ್ತದೆ. ಇನ್ನು ಒಂದೆರಡು ಡಿಬಿ ಕಡಿಮೆಯಾದರೆ ಏನೂ ಬರುವುದಿಲ್ಲ. ಆ ಗಡಿ ಎಷ್ಟು ಕಡಿದು ಅನ್ನುವುದು ಗ್ರಾಫ್ ನೋಡಿದವರಿಗಿಂತ ಚಿತ್ರದ ಅರ್ಧ ಕಪ್ಪಾಗಿ ಹೋದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆಂಟೆನಾ ದೊಡ್ಡದೇನೂ ಬೇಡ. 53 ಸೆಂಟಿಮೀಟರ್‌ನ ಎರಡು ತೋಳು, ನಡುವೆ 120 ಡಿಗ್ರಿ ಕೋನ, ತೆರೆದ ಆಕಾಶ, ಅಷ್ಟು ಸಾಕು.

ಕೊರತೆಗಳಿಗೆ ಬರುತ್ತೇನೆ. ಡಾಂಗಲ್ ಬಿಸಿಯಾಗುತ್ತದೆ, ತುಂಬಾ. ಹಳೆಯ ಅಗ್ಗದ ಮಾದರಿಗಳ ಕ್ರಿಸ್ಟಲ್ 50 ಪಿಪಿಎಂವರೆಗೂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿರಬಹುದು. 433 ಮೆಗಾಹರ್ಟ್ಸ್‌ನಲ್ಲಿ ಅದು 21 ಕಿಲೋಹರ್ಟ್ಸ್‌ಗೂ ಜಾಸ್ತಿ. ಕಿರಿದಾದ ಚಾನಲ್ ಆದರೆ ಪಕ್ಕದ ಮನೆಗೇ ಹೋದ ಹಾಗೆ. ಟಿಸಿಎಕ್ಸ್‌ಒ (ಬಿಸಿ ಬದಲಾದರೂ ಆವರ್ತನ ಕಾಯ್ದುಕೊಳ್ಳುವ ಕ್ರಿಸ್ಟಲ್) ಇರುವ, ಲೋಹದ ಕವಚದ ಮಾದರಿಯನ್ನೇ ತೆಗೆದುಕೊಳ್ಳಿ. ಇದರಲ್ಲಿ ರಾಜಿ ಬೇಡ. ಅವು 1 ಪಿಪಿಎಂ ಒಳಗೇ ಇರುತ್ತವೆ. 1.5 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುವವರು ಹೀಟ್‌ಸಿಂಕ್ ಹಾಕಲೇಬೇಕು, ಬಿಸಿಯೇರಿದಾಗ ಟ್ಯೂನರ್ ಆವರ್ತನ ಹಿಡಿದಿಡಲಾಗದೆ ಲಾಕ್ ತಪ್ಪುತ್ತದೆ.

24 ಮೆಗಾಹರ್ಟ್ಸ್ ಕೆಳಗಿನ ಶಾರ್ಟ್‌ವೇವ್ ನನಗೆ ತೃಪ್ತಿ ಕೊಟ್ಟಿಲ್ಲ. ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ ಟ್ಯೂನರ್ ಪಕ್ಕಕ್ಕೆ ಸರಿಯುತ್ತದೆ, ಆಂಟೆನಾ ನೇರವಾಗಿ 28.8 ಮೆಗಾಹರ್ಟ್ಸ್‌ನಲ್ಲಿ ಸ್ಯಾಂಪಲ್ ಆಗುತ್ತದೆ. ಅರ್ಧ ಅಂದರೆ 14.4. ಅದರ ಮೇಲಿನದೆಲ್ಲ ಮಡಚಿ ಕೆಳಗೆ ಬೀಳುತ್ತದೆ. 18.8ರಲ್ಲಿರುವುದು 10ರಲ್ಲಿ ಕೂತು ಕಾಡುತ್ತದೆ. ನೈಕ್ವಿಸ್ಟ್ ನಿಯಮ (ಸ್ಯಾಂಪಲ್ ದರದ ಅರ್ಧದವರೆಗೆ ಮಾತ್ರ ಸರಿಯಾಗಿ ಹಿಡಿಯಬಹುದು) ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಕೇಳಲು ಮಾತ್ರ ಕಷ್ಟ. ಶಾರ್ಟ್‌ವೇವ್ ಮುಖ್ಯ ಅನ್ನುವವರು ಆವರ್ತನವನ್ನು ಮೇಲೆತ್ತುವ ಅಪ್‌ಕನ್ವರ್ಟರ್ ಇರುವ ಮಾದರಿ ನೋಡಿ.

ಸಣ್ಣಪುಟ್ಟವು ಇನ್ನಿಷ್ಟು. ಸ್ವಿಚಿಂಗ್ ಅಡಾಪ್ಟರ್ ಮತ್ತು ಎಲ್‌ಇಡಿ ದೀಪಗಳ ಗದ್ದಲ ಡಾಂಗಲ್‌ನದಲ್ಲ, ಆದರೆ ಕಾಡುವುದು ನಿಮ್ಮನ್ನೇ. ಗದ್ದಲ ತಡೆಯುವ ಫೆರೈಟ್ ಇರುವ ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿನಿಂದ ದೂರ ಇಡಿ. 32 ಲಕ್ಷ ಎಂದು ಬರೆದಿದ್ದರೂ ಸೆಕೆಂಡಿಗೆ 24 ಲಕ್ಷಕ್ಕಿಂತ ಜಾಸ್ತಿ ಸ್ಯಾಂಪಲ್ ಕೇಳಬೇಡಿ, ನಡುನಡುವೆ ಬಿಟ್ಟುಹೋಗುತ್ತವೆ. ಕಚ್ಚಾ ರೆಕಾರ್ಡಿಂಗ್ ಸೆಕೆಂಡಿಗೆ 4.8 ಮೆಗಾಬೈಟ್, ಗಂಟೆಗೆ 17 ಗಿಗಾಬೈಟ್ ದಾಟುತ್ತದೆ. ಯಾವ ಸಿಗ್ನಲ್ ಕೇಳಬಹುದು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲೇ ತಿಳಿದುಕೊಳ್ಳಿ.

ಸಾಫ್ಟ್‌ವೇರಿನಲ್ಲಿ ಎಸ್‌ಡಿಆರ್ ಪ್ಲಸ್ ಪ್ಲಸ್‌ನಿಂದ ಆರಂಭಿಸಿ, ಅದು ಹಗುರ. ಕೈ ಪಳಗಿದ ಮೇಲೆ ಗ್ನೂ ರೇಡಿಯೋ. ಪರದೆಯ ಮೇಲೆ ಬ್ಲಾಕ್‌ಗಳನ್ನು ತಂತಿಯಿಂದ ಜೋಡಿಸಿ, ಫಿಲ್ಟರ್‌ನ ಟ್ಯಾಪ್ (ಗುಣಕ) ಬದಲಿಸಿ, ಧ್ವನಿ ಹೇಗೆ ಬದಲಾಗುತ್ತದೆ ಅಂತ ಅಲ್ಲೇ ಕೇಳಬಹುದು. ನನ್ನ ಹತ್ತಿರ ಈಗ 12 ಬಿಟ್ ರಿಸೀವರ್ ಕೂಡ ಇದೆ. ಜೋರಾದ ಕೇಂದ್ರಗಳ ನಡುವೆ ಸೊರಗಿದ ಸಿಗ್ನಲ್ ಹುಡುಕುವಾಗ ಅದನ್ನೇ ತೆಗೆಯುತ್ತೇನೆ, ಅಲ್ಲಿ ಈ ಡಾಂಗಲ್ ಸಾಟಿಯಲ್ಲ. ಹೊಸ ಡಿಕೋಡರ್ ಬರೆಯುವಾಗ ಮಾತ್ರ ಮೊದಲು 8 ಬಿಟ್‌ನಲ್ಲೇ ಓಡಿಸಿ ನೋಡುತ್ತೇನೆ. ಅಲ್ಲಿ ಲಾಕ್ ಆದ ಕೋಡ್ ದೊಡ್ಡ ರಿಸೀವರ್‌ನಲ್ಲಿ ಇದುವರೆಗೆ ಕೈ ಕೊಟ್ಟಿಲ್ಲ.