ಆನ್‌ಲೈನ್ ಮನವಿಗೆ ಸಹಿಯೋ, ಕರಡು ನಿಯಮಕ್ಕೆ ಆಕ್ಷೇಪಣೆಯೋ?

ಪರಿಸರದ ವಿಷಯದಲ್ಲಿ ಸರ್ಕಾರಕ್ಕೆ ದನಿ ಮುಟ್ಟಿಸಬೇಕು. ಕೈಯಲ್ಲಿರುವುದು ಒಂದು ಫೋನ್. ಯಾವ ದಾರಿ ಹಿಡಿಯುವುದು?

ಸಹಿ ಹಾಕುವುದು ಅರ್ಧ ನಿಮಿಷದ ಕೆಲಸ. ಅದರ ಬಲವೆಲ್ಲ ತಲೆ ಎಣಿಕೆಯಲ್ಲಿದೆ. ಬ್ರಿಟನ್ ಸಂಸತ್ತಿನ ತಾಣದಲ್ಲಿ 10,000 ಸಹಿ ಬಿದ್ದರೆ ಸರ್ಕಾರ ಉತ್ತರಿಸುತ್ತದೆ. 1,00,000 ಮುಟ್ಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ಉತ್ತರ ಸಿಗಲು 10 ಲಕ್ಷ ಸಹಿ ಬೇಕು, ಜೊತೆಗೆ ಕನಿಷ್ಠ 7 ದೇಶಗಳಲ್ಲಿ ತಲಾ ನಿಗದಿತ ಸಂಖ್ಯೆ ದಾಟಬೇಕು. ಖಾಸಗಿ ತಾಣದ ಮನವಿಗೆ ಯಾರೂ ಉತ್ತರ ಕೊಡಲೇಬೇಕೆಂದಿಲ್ಲ. ಸದ್ದಾಗುತ್ತದೆ, ಅಷ್ಟೇ.

ಕರಡು ನಿಯಮಕ್ಕೆ, ಅಂದರೆ ಜಾರಿಗೆ ಮುನ್ನ ಜನರ ಅಭಿಪ್ರಾಯಕ್ಕಾಗಿ ಸರ್ಕಾರ ಪ್ರಕಟಿಸುವ ನಿಯಮಕ್ಕೆ, ಆಕ್ಷೇಪಣೆ ಬರೆಯುವುದು ಬೆವರಿಳಿಸುವ ಕೆಲಸ. ಕರಡನ್ನು ಪೂರ್ತಿ ಓದಬೇಕು (ಆಕಳಿಕೆ ಗ್ಯಾರಂಟಿ). ಯಾವ ಕಲಂ ತಪ್ಪು, ಯಾಕೆ, ಬದಲಿಗೆ ಏನಿರಬೇಕು ಎಂದು ಬಿಡಿಸಿ ಹೇಳಬೇಕು. ಗಡುವೂ ಇರುತ್ತದೆ. ಆದರೆ ಮಾತು ನೇರ ಕಡತಕ್ಕೆ ಸೇರುತ್ತದೆ. ಪರಿಸರ ನಿರ್ಧಾರಗಳಲ್ಲಿ ಜನರ ಅಭಿಪ್ರಾಯವನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದು ಬಹುತೇಕ ಯುರೋಪಿನ ದೇಶಗಳು ಸೇರಿರುವ 1998ರ ಆರ್ಹಸ್ ಒಪ್ಪಂದವೂ ಹೇಳುತ್ತದೆ. ಸುಮ್ನೆ ನಕಲು ಮಾಡಿ ಕಳಿಸಿದ ನೂರು ಪತ್ರಗಳಿಗಿಂತ ಫೋಟೊ, ಅಳತೆ, ದಿನಾಂಕ ಇರುವ ಒಂದೇ ಪತ್ರಕ್ಕೆ ತೂಕ ಜಾಸ್ತಿ, ಅಲ್ವಾ?

ಕರಡು ಹೊರಬಿದ್ದಿದ್ದರೆ ನಾನಂತೂ ಆಕ್ಷೇಪಣೆಯನ್ನೇ ಆರಿಸುತ್ತೇನೆ. ವಿಷಯ ಇನ್ನೂ ಸರ್ಕಾರದ ಕಣ್ಣಿಗೇ ಬಿದ್ದಿಲ್ಲವೇ? ಆಗ ಸಹಿ ಸಂಗ್ರಹಿಸಿ. ಆಕ್ಷೇಪಣೆ ಕಳಿಸಿದರೆ ಸ್ವೀಕೃತಿ ಸಂಖ್ಯೆಯ ಸ್ಕ್ರೀನ್‌ಶಾಟ್ ಮರೆಯಬೇಡಿ.