ಕೇಂಬ್ರಿಡ್ಜ್ ಐಇಎಲ್‌ಟಿಎಸ್ ಟೆಸ್ಟ್ ಪುಸ್ತಕ: ಕೊಳ್ಳಿ, ಆದರೆ ಒಂದೇ ವಾರದಲ್ಲಿ ಮುಗಿಸಬೇಡಿ

ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ತಯಾರಾಗುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಕೇಂಬ್ರಿಡ್ಜ್‌ನ ನಂಬರ್ ಹಾಕಿದ ಟೆಸ್ಟ್ ಪುಸ್ತಕಗಳು. ಒಂದೊಂದರಲ್ಲೂ ನಾಲ್ಕು ಪೂರ್ತಿ ಟೆಸ್ಟ್, ಕೊನೆಯಲ್ಲಿ ಉತ್ತರ, ಜೊತೆಗೆ ಆಡಿಯೊದಲ್ಲಿ ಆಡಿದ ಮಾತನ್ನೆಲ್ಲ ಬರೆದಿಟ್ಟ ಆಡಿಯೊಸ್ಕ್ರಿಪ್ಟ್. ಪರೀಕ್ಷೆಯ ಮೂವರು ಒಡೆಯರಲ್ಲಿ ಕೇಂಬ್ರಿಡ್ಜ್ ಕೂಡ ಒಬ್ಬರು (ಉಳಿದಿಬ್ಬರು ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ). ಹಾಗಾಗಿ ಪ್ರಶ್ನೆಗಳ ಮಟ್ಟ ನಂಬಬಹುದು. ಪುಸ್ತಕ ಚೆನ್ನಾಗಿದೆ, ಹೆಚ್ಚಿನವರು ಅದನ್ನು ಹಾಳುಮಾಡಿಕೊಳ್ಳುತ್ತಾರೆ ಅಷ್ಟೇ.

ಮೊದಲು ಸರಿಯಾದ ಪುಸ್ತಕ ತೆಗೆದುಕೊಳ್ಳಿ. 12ನೇ ಪುಸ್ತಕದಿಂದ ಈಚೆಗೆ ಅಕಾಡೆಮಿಕ್ (ಹೆಚ್ಚಾಗಿ ಉನ್ನತ ಓದಿಗೆ, ವೃತ್ತಿ ನೋಂದಣಿಗೆ) ಬೇರೆ, ಜನರಲ್ ಟ್ರೈನಿಂಗ್ (ಹೆಚ್ಚಾಗಿ ವಲಸೆಗೆ) ಬೇರೆ. ಕೆನಡಾ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ಹೊರಟವರು ಅಂಗಡಿಯವರು ಕೊಟ್ಟ ಅಕಾಡೆಮಿಕ್ ಪುಸ್ತಕವನ್ನೇ ಹಿಡಿದು ಬರುವುದುಂಟು. ಲಿಸನಿಂಗ್ ಎರಡಕ್ಕೂ ಒಂದೇ ಮಾದರಿ, ಅದು ದಂಡವಾಗುವುದಿಲ್ಲ. ರೀಡಿಂಗ್, ರೈಟಿಂಗ್ ಬೇರೆ, ರೀಡಿಂಗ್‌ನ ಅಂಕದ ಲೆಕ್ಕವೂ ಬೇರೆ. 40ಕ್ಕೆ 30 ಸರಿಯಾದರೆ ಅಕಾಡೆಮಿಕ್ ರೀಡಿಂಗ್‌ನಲ್ಲಿ ಸುಮಾರು 7 ಬ್ಯಾಂಡ್ (ಫಲಿತಾಂಶದ ಅಂಕ, ಗರಿಷ್ಠ 9); ಜನರಲ್‌ನಲ್ಲಿ ಅದೇ 30ಕ್ಕೆ 6 ಮಾತ್ರ, 7 ಬರಬೇಕಾದರೆ 34 ಬೇಕು. ಲಿಸನಿಂಗ್‌ನಲ್ಲಿ 30ಕ್ಕೆ 7, 35ಕ್ಕೆ 8. ಕೆನಡಾ ವಲಸೆಯ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಿಎಲ್‌ಬಿ 9ಕ್ಕೆ (ಸಿಎಲ್‌ಬಿ ಎಂದರೆ ಕೆನಡಾದ ಭಾಷಾ ಮಟ್ಟದ ಅಳತೆ) ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲೂ (ರೀಡಿಂಗ್, ರೈಟಿಂಗ್, ಸ್ಪೀಕಿಂಗ್) 7 ಬೇಕು. ಅಂದರೆ ಲಿಸನಿಂಗ್‌ನಲ್ಲಿ ಐದು ತಪ್ಪಿಗಷ್ಟೇ ಜಾಗ. ಮಂಗಳೂರು, ಉಡುಪಿ ಕಡೆಯಿಂದ ಯುಕೆಗೆ ಹೋಗುವ ನರ್ಸ್‌ಗಳಿಗೆ ಅಲ್ಲಿನ ಎನ್‌ಎಂಸಿ (ನರ್ಸ್‌ಗಳ ನೋಂದಣಿ ಸಂಸ್ಥೆ) ಕೇಳುವುದು ಅಕಾಡೆಮಿಕ್‌ನಲ್ಲಿ ರೈಟಿಂಗ್ 6.5, ಉಳಿದದ್ದೆಲ್ಲ 7.

ಲಿಸನಿಂಗ್‌ನಲ್ಲಿ ನಾಲ್ಕು ಭಾಗ, ತಲಾ ಹತ್ತು ಪ್ರಶ್ನೆ, ಒಟ್ಟು ಸುಮಾರು 30 ನಿಮಿಷ. ಪರೀಕ್ಷೆಯಲ್ಲಿ ಆಡಿಯೊ ಒಂದೇ ಸಲ ಕೇಳಿಸುತ್ತದೆ, ಹಾಗಾಗಿ ಮನೆಯಲ್ಲೂ ಮೊದಲ ಸುತ್ತಿನಲ್ಲಿ ಎಲ್ಲೂ ನಿಲ್ಲಿಸಬೇಡಿ. ಅಂಕ ಎಣಿಸಿ ಮುಂದಿನ ಟೆಸ್ಟ್‌ಗೆ ಹಾರಿದರೆ ಪುಸ್ತಕದ ಅರ್ಧ ದುಡ್ಡು ಹೋದಂತೆ. ಎರಡನೇ ಸುತ್ತಿನಲ್ಲಿ ಆಡಿಯೊಸ್ಕ್ರಿಪ್ಟ್ ತೆರೆದಿಟ್ಟು, ತಪ್ಪಾದ ಕಡೆ ಮಾತ್ರ ಮತ್ತೆ ಕೇಳಿ, ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ಪದವೇ ಕಿವಿಗೆ ಬೀಳಲಿಲ್ಲವೇ, ಬಿದ್ದರೂ ಸ್ಪೆಲಿಂಗ್ ತಪ್ಪಿತೇ, ಬಲೆಗೆ ಬಿದ್ದಿರೇ, ಇಲ್ಲ ಎಲ್ಲಿದ್ದೇವೆ ಎನ್ನುವುದೇ ತಪ್ಪಿಹೋಯಿತೇ. ಎರಡು ಟೆಸ್ಟ್ ಆಗುವಷ್ಟರಲ್ಲಿ ನಿಮ್ಮ ರೋಗ ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ನಮ್ಮವರಿಗೆ ಹೆಚ್ಚು ಅಂಕ ತಿನ್ನುವುದು ಪದದ ಕೊನೆಯ ವ್ಯಂಜನ. ಬಸ್ಸು, ಬುಕ್ಕು ಎಂದು ಕೊನೆಗೊಂದು ಸ್ವರ ಸೇರಿಸಿ ಆಡಿದ ಕಿವಿಗೆ ಅರ್ಧ ನುಂಗಿದ 'ಸ್', 'ಟ್', 'ಡ್' ಸುಲಭಕ್ಕೆ ಸಿಗುವುದಿಲ್ಲ. ಆಡಿಯೊದಲ್ಲಿ 'ಟಿಕೆಟ್ಸ್' ಇದ್ದು ನೀವು 'ಟಿಕೆಟ್' ಬರೆದರೆ ಪೂರ್ತಿ ಅಂಕ ಹೋಯಿತು. ಒಂದನೇ ಭಾಗದಲ್ಲಿ ಹೆಸರು, ಫೋನ್ ನಂಬರ್ ಬರುತ್ತವೆ: 'ಡಬಲ್ ಎಲ್', ಸೊನ್ನೆಗೆ 'ಓ', ಆಸ್ಟ್ರೇಲಿಯಾದವರ ಬಾಯಲ್ಲಿ 'ಐಟ್' ಎಂದು ಕೇಳುವ 'ಏಟ್'. ಇನ್ನೊಂದು ಬಲೆ ತಿದ್ದುಪಡಿಯದು. ಮಂಗಳವಾರ ಎಂದವರು ಎರಡು ವಾಕ್ಯದ ನಂತರ "ಅಲ್ಲಲ್ಲ, ಗುರುವಾರ" ಎನ್ನುತ್ತಾರೆ. ಮಂಗಳವಾರ ಬರೆದು ಪೆನ್ ಕೆಳಗಿಟ್ಟವರು ಕೆಟ್ಟರು. 'ಎರಡು ಪದ ಮೀರಬಾರದು' ಎಂದಿದ್ದಲ್ಲಿ 'ದಿ ಓಲ್ಡ್ ಲೈಬ್ರರಿ' ಬರೆದರೂ ಸೊನ್ನೆ, 'ಓಲ್ಡ್ ಲೈಬ್ರರಿ' ಸಾಕು. ನಾಲ್ಕನೇ ಭಾಗದ ಉಪನ್ಯಾಸಕ್ಕೆ ನಡುವೆ ಬಿಡುವಿಲ್ಲ, ಯಾವಾಗಲೂ ಎರಡು ಪ್ರಶ್ನೆಯ ಮೇಲೆ ಕಣ್ಣಿರಲಿ. ಒಂದು ತಪ್ಪಿದರೆ ಅದನ್ನೇ ಹುಡುಕುತ್ತಾ ಕೂರಬೇಡಿ, ಮುಂದಿನದೂ ಹೋಗುತ್ತದೆ.

ಅಕಾಡೆಮಿಕ್ ರೀಡಿಂಗ್‌ಗೆ 60 ನಿಮಿಷ, ಮೂರು ಪ್ಯಾಸೇಜ್, 40 ಪ್ರಶ್ನೆ. ತಲಾ 20 ನಿಮಿಷ ಎಂಬ ಲೆಕ್ಕ ಕೇಳಲು ಚೆಂದ, ಆದರೆ ಪ್ಯಾಸೇಜ್ ಹೋಗ್ತಾ ಹೋಗ್ತಾ ಕಷ್ಟವಾಗುತ್ತದೆ. 15, 20, 25 ಎಂದು ಹಂಚಿಕೊಳ್ಳುವುದೇ ವಾಸಿ. ಟ್ರೂ (ಸರಿ), ಫಾಲ್ಸ್ (ತಪ್ಪು), ನಾಟ್ ಗಿವನ್ (ಪ್ಯಾಸೇಜ್‌ನಲ್ಲಿ ಹೇಳಿಲ್ಲ) ಪ್ರಶ್ನೆಗಳ ಉತ್ತರ ಪ್ಯಾಸೇಜ್‌ನ ಕ್ರಮದಲ್ಲೇ ಸಿಗುತ್ತದೆ. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಹುಡುಕಿಸುವ ಪ್ರಶ್ನೆಗಳಿಗೆ ಆ ಕ್ರಮವಿಲ್ಲ, ಅವನ್ನು ಕೊನೆಗಿಡಿ.

ಎಡವುವುದು ನಾಟ್ ಗಿವನ್‌ನಲ್ಲೇ. ಪ್ಯಾಸೇಜ್‌ನಲ್ಲಿ 'ಆ ಪ್ರದೇಶದ ಬಹಳಷ್ಟು ರೈತರು ಹನಿ ನೀರಾವರಿಗೆ ಬದಲಾದರು' ಎಂದಿದೆ ಎನ್ನಿ. ಪ್ರಶ್ನೆ: 'ಹನಿ ನೀರಾವರಿಗೆ ಖರ್ಚು ಜಾಸ್ತಿ.' ಪೈಪು, ಡ್ರಿಪ್ಪರಿನ ಬೆಲೆ ಗೊತ್ತಿರುವವರು ಟ್ರೂ ಹಾಕುತ್ತಾರೆ. ಆದರೆ ಖರ್ಚಿನ ಸುದ್ದಿಯೇ ಪ್ಯಾಸೇಜ್‌ನಲ್ಲಿಲ್ಲ, ಉತ್ತರ ನಾಟ್ ಗಿವನ್. 'ಎಲ್ಲ ರೈತರೂ ಹಳೆಯ ಪದ್ಧತಿಯಲ್ಲೇ ಉಳಿದರು' ಎಂದಿದ್ದರೆ ಅದು ಫಾಲ್ಸ್, ಯಾಕೆಂದರೆ ಪ್ಯಾಸೇಜ್ ಅದನ್ನು ನೇರವಾಗಿ ಸುಳ್ಳು ಮಾಡುತ್ತದೆ. ಸುಳ್ಳು ಮಾಡುವ ಸಾಲಿಗೆ ಬೆರಳಿಟ್ಟು ತೋರಿಸಲಾಗದಿದ್ದರೆ ಫಾಲ್ಸ್ ಬರೆಯಬೇಡಿ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಖಾಲಿಯಂತೂ ಬಿಡಲೇಬೇಡಿ.

ಪುಸ್ತಕದ ಕೊರತೆ ಎರಡು. ಒಂದು, ಅಚ್ಚಾದ ಉತ್ತರ ಪುಟದಲ್ಲಿ ಬರೀ ಉತ್ತರ, ಯಾಕೆ ಎನ್ನುವುದಿಲ್ಲ. 5 ಬ್ಯಾಂಡ್ ಆಸುಪಾಸಿನಲ್ಲಿರುವವರು ಇದೊಂದನ್ನೇ ನಂಬಿದರೆ ಮುಂದೆ ಹೋಗುವುದಿಲ್ಲ, ಅವರಿಗೆ ಮೊದಲು ವ್ಯಾಕರಣ, ಪದಸಂಪತ್ತು ಕಲಿಸುವ ಪುಸ್ತಕ ಬೇಕು. ಎರಡು, ಇದು ಪೇಪರ್‌ನಲ್ಲಿ ಬರೆಯುವವರ ಲೆಕ್ಕದ್ದು. ಪೇಪರ್ ಪರೀಕ್ಷೆ ಇರುವಲ್ಲಿ ಲಿಸನಿಂಗ್ ಉತ್ತರವನ್ನು ಉತ್ತರ ಪತ್ರಿಕೆಗೆ ವರ್ಗಾಯಿಸಲು 10 ನಿಮಿಷ ಉಂಟು; ಕಂಪ್ಯೂಟರ್‌ನಲ್ಲಿ ಸರಿನೋಡಲು 2 ನಿಮಿಷ ಅಷ್ಟೇ, ಕೇಳುತ್ತಲೇ ಟೈಪ್ ಮಾಡಬೇಕು. ರೀಡಿಂಗ್‌ಗೆ ಎರಡರಲ್ಲೂ ಹೆಚ್ಚುವರಿ ಸಮಯವಿಲ್ಲ. ಕಂಪ್ಯೂಟರ್ ಪರೀಕ್ಷೆ ಬುಕ್ ಮಾಡಿದವರು ಪುಸ್ತಕದ ಕೊನೆಯ ಟೆಸ್ಟನ್ನಾದರೂ ಉತ್ತರ ಟೈಪ್ ಮಾಡುತ್ತಾ ಮುಗಿಸಿ, ಅಧಿಕೃತ ವೆಬ್‌ಸೈಟಿನ ಉಚಿತ ಮಾದರಿ ಟೆಸ್ಟನ್ನೂ ಒಮ್ಮೆ ನೋಡಿ. ಎಡಗಡೆ ಪ್ಯಾಸೇಜ್, ಬಲಗಡೆ ಪ್ರಶ್ನೆ, ಎರಡನ್ನೂ ಬೇರೆ ಬೇರೆ ಸ್ಕ್ರೋಲ್ ಮಾಡುವ ಅಭ್ಯಾಸಕ್ಕೆ ಸ್ವಲ್ಪ ಹೊತ್ತು ಬೇಕು.

ಎಷ್ಟು ಪುಸ್ತಕ ಬೇಕು? ಇತ್ತೀಚಿನ ಎರಡಿದ್ದರೆ ಎಂಟು ಟೆಸ್ಟ್, ಮೇಲಿನ ರೀತಿಯಲ್ಲಿ ಮಾಡಿದರೆ ಸಾಕಷ್ಟಾಯಿತು. ವಾರಕ್ಕೊಂದು ಟೆಸ್ಟ್, ಉಳಿದ ದಿನ ಅದರ ತಪ್ಪುಗಳು. ಅಗ್ಗಕ್ಕೆ ಸಿಗುವ ಜೆರಾಕ್ಸ್ ಪ್ರತಿ ಬೇಡ: ಲಿಸನಿಂಗ್‌ನ ಮ್ಯಾಪ್ ಪ್ರಶ್ನೆಗಳಲ್ಲಿ ದಾರಿಯ ಗೆರೆ, ಕಟ್ಟಡದ ಅಕ್ಷರ ಮಸುಕಾಗಿ ಬಂದಿರುತ್ತವೆ, ಆಗ ಕಿವಿ ಸರಿಯಿದ್ದರೂ ಉತ್ತರ ತಪ್ಪುತ್ತದೆ.